ಆರೋಗ್ಯದ ಲೆಕ್ಕ ಯಾರಿಗಾಗಿ?

"ಆರೋಗ್ಯವೇ ಭಾಗ್ಯ" ಎಂಬ ಮಾತನ್ನು ನಾವೆಲ್ಲರೂ ಚಿಕ್ಕಂದಿನಿಂದಲೂ ಶಾಲೆಯ ಗೋಡೆಯ ಮೇಲೆ ಓದುತ್ತ ಬಂದಿದ್ದೇವೆ. ಆ ಭಾಗ್ಯವನ್ನು ಮನೆಮನೆಗೂ ಮುಟ್ಟಿಸಬೇಕೆಂದು ಸರ್ಕಾರವು ಅನೇಕ ಯೋಜನೆಗಳನ್ನು ನಡೆಸುತ್ತಿದೆ. ಹಸುಗೂಸುಗಳಿಗೆ ಸೂಜಿ, ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ, ಅಂಗನವಾಡಿಯಲ್ಲಿ ಪೌಷ್ಟಿಕ ಆಹಾರ, ಕ್ಷಯರೋಗಿಗಳಿಗೆ ಉಚಿತ ಔಷಧ, ಶಾಲೆಯಲ್ಲಿ ನಮಗೇ ಕೊಡುವ ಜಂತುಹುಳದ ಮಾತ್ರೆ, ಹೀಗೆ ಪಟ್ಟಿ ಉದ್ದವಾಗಿದೆ. ಇವೆಲ್ಲವೂ ಒಳ್ಳೆಯ ಕೆಲಸಗಳೆಂಬುದರಲ್ಲಿ ಸಂಶಯವಿಲ್ಲ. ಆದರೆ ಇವುಗಳಿಂದ ಜನರ ಆರೋಗ್ಯ ನಿಜವಾಗಿ ಎಷ್ಟು ಸುಧಾರಿಸಿದೆ ಎಂದು ಕೇಳಿದರೆ ನಮಗೆ ಸಿಗುವ ಉತ್ತರವೇನು? "ಈ ವರ್ಷ ಇಷ್ಟು ಲಕ್ಷ ಮಾತ್ರೆ ಹಂಚಲಾಗಿದೆ" ಎಂಬುದೇ ಬಹುಮಟ್ಟಿಗೆ ಉತ್ತರ.

ಇಲ್ಲಿ ನಾವು ಸ್ವಲ್ಪ ನಿಂತು ಆಲೋಚಿಸಬೇಕು. ಮಾತ್ರೆ ಹಂಚುವುದು ಒಂದು ಸಂಗತಿ. ಹಂಚಿದ ಮಾತ್ರೆಯನ್ನು ತಾಯಿ ನುಂಗುವುದು ಎರಡನೆಯದು. ನುಂಗಿದ ಮಾತ್ರೆಯಿಂದ ಅವಳ ರಕ್ತ ಹೆಚ್ಚುವುದು ಮೂರನೆಯದು. ಮೊದಲನೆಯದನ್ನು ಉಗ್ರಾಣದ ಪುಸ್ತಕ ನೋಡಿ ಹೇಳಬಹುದು. ಎರಡನೆಯದಕ್ಕೆ ಮನೆಗೆ ಹೋಗಿ ಕೇಳಬೇಕು. ಮೂರನೆಯದಕ್ಕೆ ರಕ್ತ ಪರೀಕ್ಷೆ ಮಾಡಿ ನೋಡಬೇಕು. ನಮ್ಮ ಕರಣಕೋಟದ ಸಿಮೆಂಟ್ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಎಷ್ಟು ಲಾರಿ ಸುಣ್ಣದ ಕಲ್ಲು ಒಳಗೆ ಹೋಯಿತು ಎಂಬುದರಿಂದ ಸಿಮೆಂಟಿನ ಗುಣ ತಿಳಿಯದು. ತಯಾರಾದ ಸಿಮೆಂಟಿನ ಗಟ್ಟಿತನವನ್ನು ಪರೀಕ್ಷಿಸಿಯೇ ತಿಳಿಯಬೇಕು. ಕಲ್ಲಿನ ಪುಡಿಗೆ ಇರುವ ಈ ನಿಯಮ ಮನುಷ್ಯರ ಪ್ರಾಣಕ್ಕೆ ಬೇಡವೇ? ಯೋಜನೆಯ ಫಲವನ್ನು ಹೀಗೆ ಅಳೆದು ನೋಡುವುದಕ್ಕೆ ಮೌಲ್ಯಮಾಪನ ಎನ್ನುತ್ತಾರೆ. ಅದಕ್ಕೆ ಬೇಕಾದ ಸಾಮಗ್ರಿಯೇ ಅಂಕಿ ಅಂಶ.

ಅಂಕಿ ಅಂಶವೆಂದರೆ ನಮ್ಮಲ್ಲಿ ಅನೇಕರಿಗೆ ಬೇಸರ. ಅದು ಕಚೇರಿಯವರ ಕೆಲಸ, ನಮಗೇಕೆ ಎನ್ನುವವರೇ ಹೆಚ್ಚು. ಆದರೆ ನಮ್ಮ ದೇಶದ ಆರೋಗ್ಯದ ಚರಿತ್ರೆಯಲ್ಲಿ ಲೆಕ್ಕದ ರೀತಿ ಬದಲಾದದ್ದರಿಂದ ಲಕ್ಷಾಂತರ ಜೀವ ಉಳಿದಿವೆ. ಅದಕ್ಕೆ ಸಿಡುಬಿಗಿಂತ ದೊಡ್ಡ ಸಾಕ್ಷಿ ಬೇಡ.

1962ರಲ್ಲಿ ಭಾರತದಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮ ಆರಂಭವಾಯಿತು. ಜನಸಂಖ್ಯೆಯ ಶೇಕಡಾ 80ರಷ್ಟು ಮಂದಿಗೆ ಲಸಿಕೆ ಹಾಕಿದರೆ ರೋಗ ತಾನಾಗಿಯೇ ಅಳಿಯುವುದೆಂದು ಲೆಕ್ಕ ಹಾಕಿದರು. ಹಾಕಿದ ಲಸಿಕೆಗಳ ಸಂಖ್ಯೆ ಕೋಟಿಗಟ್ಟಲೆ ಏರಿತು. ಕಾಗದದ ಮೇಲೆ ಗುರಿ ಮುಟ್ಟಿದಂತೆಯೇ ಕಂಡಿತು. ಆದರೂ ಸಿಡುಬು ಹೋಗಲಿಲ್ಲ. ಕಾರಣವೇನು? ಲಸಿಕೆ ಹಾಕುವವರಿಗೆ ಸುಲಭವಾಗಿ ಒಂದೇ ಕಡೆ ಸಿಕ್ಕುವವರು ಶಾಲೆಯ ಮಕ್ಕಳು. ಅವರಿಗೇ ಮತ್ತೆ ಮತ್ತೆ ಲಸಿಕೆ ಬಿತ್ತು. ಶಾಲೆಗೆ ಬಾರದ ಮಕ್ಕಳು, ಊರೂರು ಅಲೆಯುವ ಕೂಲಿಯವರು, ಮನೆಯೊಳಗಿನ ಹಸುಗೂಸುಗಳು ಉಳಿದುಹೋದರು. ಒಬ್ಬನಿಗೆ ಮೂರು ಸಲ ಹಾಕಿದ ಲಸಿಕೆ ಪುಸ್ತಕದಲ್ಲಿ ಮೂರು ಎಂದಾಯಿತು. ಮೂವರಿಗೆ ರಕ್ಷಣೆ ಸಿಕ್ಕಿತೆಂದು ಓದಿದವರು ತಿಳಿದರು.

1973ರಲ್ಲಿ ಈ ಕ್ರಮ ಬದಲಾಯಿತು. ಎಷ್ಟು ಲಸಿಕೆ ಹಾಕಿದಿರಿ ಎಂಬುದಕ್ಕಿಂತ ರೋಗ ಎಲ್ಲಿ ಉಳಿದಿದೆ ಎಂಬ ಪ್ರಶ್ನೆ ಮುಖ್ಯವಾಯಿತು. ಕಾರ್ಯಕರ್ತರು ಸಿಡುಬು ಎದ್ದ ಮಗುವಿನ ಚಿತ್ರವನ್ನು ಕೈಯಲ್ಲಿ ಹಿಡಿದು ಮನೆ, ಸಂತೆ, ಶಾಲೆಗಳನ್ನು ಸುತ್ತಿದರು. "ಹೀಗೆ ಗುಳ್ಳೆ ಎದ್ದವರನ್ನು ಎಲ್ಲಿಯಾದರೂ ಕಂಡಿದ್ದೀರಾ?" ಎಂದು ವಿಚಾರಿಸಿದರು. ದೊಡ್ಡವರು ದೇವಿಯ ಮುನಿಸೆಂದು ಹೆದರಿ ಮುಚ್ಚಿಟ್ಟದ್ದನ್ನು ಶಾಲೆಯ ಮಕ್ಕಳು ಹೇಳಿದ್ದುಂಟು. ಹುಡುಕಲು ಹೋದವರು ನಿಜವಾಗಿಯೂ ಮನೆಗಳಿಗೆ ಹೋಗಿದ್ದರೇ ಎಂದು ತಿಳಿಯಲು ಬೇರೆಯವರು ಹೋಗಿ ಕೆಲವು ಮನೆಗಳಲ್ಲಿ ಮತ್ತೆ ಕೇಳುತ್ತಿದ್ದರು. 1974ರಲ್ಲಿ ಭಾರತದಲ್ಲಿ 1,88,003 ಸಿಡುಬಿನ ಪ್ರಕರಣಗಳು ದಾಖಲಾದವು. ಸಂಖ್ಯೆ ಹಿಂದಿನ ವರ್ಷಗಳಿಗಿಂತ ಹೆಚ್ಚಾದದ್ದನ್ನು ಕಂಡು ಕಾರ್ಯಕ್ರಮ ಸೋತಿತೆಂದವರೂ ಇದ್ದರು. ಆ ವರ್ಷ ರೋಗ ಹಬ್ಬಿದ್ದು ನಿಜ. ಆದರೆ ಹುಡುಕುವ ಕಣ್ಣು ತೆರೆದದ್ದರಿಂದ ಮೊದಲು ಕಾಣದೆ ಇದ್ದದ್ದೂ ಕಂಡಿತು. ಕಂಡ ಕಡೆ ಕೂಡಲೇ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿ ರೋಗವನ್ನು ಕಟ್ಟಿಹಾಕಿದರು. 1975ರ ಮೇ ತಿಂಗಳಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು. 1977ರಲ್ಲಿ ಭಾರತವು ಸಿಡುಬು ಮುಕ್ತವೆಂದು ಅಂತರರಾಷ್ಟ್ರೀಯ ತಜ್ಞರು ಒಪ್ಪಿದರು. ಅಂಕಿ ಏರಿದೊಡನೆ ಕೆಲಸ ಕೆಟ್ಟಿತೆಂದು ಹೇಳಲಾಗದು, ಅಂಕಿ ಇಳಿದೊಡನೆ ಕೆಲಸ ಚೆನ್ನಾಯಿತೆಂದೂ ಹೇಳಲಾಗದು. ಆ ಅಂಕಿ ಹೇಗೆ ಬಂತು ಎಂದು ಮೊದಲು ಕೇಳಬೇಕು ಎಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.

ಇನ್ನೊಂದು ಉದಾಹರಣೆ ಕನ್ನಡ ನಾಡಿನದೇ ಆಗಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನರಿಗೆ ರೋಗದ ಅರಿವಿಲ್ಲ, ಅವರಾಗಿಯೇ ದವಾಖಾನೆಗೆ ಬರುವುದಿಲ್ಲ, ಆದ್ದರಿಂದ ಎಕ್ಸ್-ರೇ ಗಾಡಿಗಳನ್ನು ಊರೂರಿಗೆ ಕಳುಹಿಸಿ ರೋಗಿಗಳನ್ನು ಹುಡುಕಬೇಕು ಎಂಬ ಭಾವನೆ ಆ ಕಾಲದಲ್ಲಿ ಬಲವಾಗಿತ್ತು. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿ, ಸಿಕ್ಕ ರೋಗಿಗಳ ಮನೆಗೆ ಹೋಗಿ, ಅವರನ್ನೇ ಕುಳ್ಳಿರಿಸಿ ಕೇಳಿದರು. ಈ ಅಧ್ಯಯನವನ್ನು ಡಾ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು 1963ರಲ್ಲಿ ಪ್ರಕಟಿಸಿದರು. ಅದರಿಂದ ತಿಳಿದದ್ದೇನು? ರೋಗಿಗಳಲ್ಲಿ ಬಹಳ ಮಂದಿಗೆ ತಮ್ಮ ಕೆಮ್ಮು, ಜ್ವರ, ಎದೆನೋವಿನ ಚಿಂತೆ ಇದ್ದೇ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ದವಾಖಾನೆಗೆ ಹೋಗಿಯೂ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ ಮಾತ್ರ! ಜನ ಬರುವುದಿಲ್ಲವೆಂದು ದೂರುತ್ತಿದ್ದರು, ಆದರೆ ಬಂದವರನ್ನೇ ಗುರುತಿಸದೆ ಕಳುಹಿಸುತ್ತಿದ್ದರು. ಈ ತಿಳಿವಿನಿಂದ, ಕೆಮ್ಮೆಂದು ಸಾಮಾನ್ಯ ದವಾಖಾನೆಗೆ ಬಂದವರ ಕಫವನ್ನು ಅಲ್ಲಿಯೇ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಪದ್ಧತಿಗೆ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದಲ್ಲಿ ಮುಖ್ಯ ಸ್ಥಾನ ದೊರೆಯಿತು. ತುಮಕೂರಿನ ಹಳ್ಳಿಗರು ಕೊಟ್ಟ ಉತ್ತರ ಇಡೀ ದೇಶಕ್ಕೆ ದಾರಿ ತೋರಿಸಿತೆಂದರೆ ನಾವು ಹೆಮ್ಮೆಪಡಬೇಕಲ್ಲವೇ?

ಇಷ್ಟು ದೊಡ್ಡ ದೇಶದಲ್ಲಿ ಎಲ್ಲರನ್ನೂ ಕೇಳುವುದು ಸಾಧ್ಯವೇ ಎಂದು ಕೆಲವರು ಕೇಳಬಹುದು. ಎಲ್ಲರನ್ನೂ ಕೇಳಬೇಕಾಗಿಲ್ಲ. ಅನ್ನ ಬೆಂದಿದೆಯೇ ಎಂದು ತಿಳಿಯಲು ನಮ್ಮ ತಾಯಂದಿರು ಒಂದಗುಳನ್ನು ಹಿಚುಕಿ ನೋಡುತ್ತಾರೆ. ಆದರೆ ಮೊದಲು ಸೌಟಿನಿಂದ ತಿರುವುತ್ತಾರೆ, ಏಕೆಂದರೆ ತಳದ ಅನ್ನ ಬೆಂದು ಮೇಲಿನದು ಬೇಯದೆ ಇರಬಹುದು. ಮಾದರಿ ಸಮೀಕ್ಷೆಯ ರಹಸ್ಯವೂ ಇಷ್ಟೇ. ಮಕ್ಕಳ ಲಸಿಕೆಯನ್ನು ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯು ರೂಢಿಗೆ ತಂದ ಒಂದು ಕ್ರಮದಲ್ಲಿ ಚೀಟಿ ಎತ್ತಿದಂತೆ 30 ಊರು ಅಥವಾ ಕೇರಿಗಳನ್ನು ಆರಿಸಿ, ಪ್ರತಿಯೊಂದರಲ್ಲಿ 12ರಿಂದ 23 ತಿಂಗಳ ವಯಸ್ಸಿನ 7 ಮಕ್ಕಳನ್ನು ನೋಡುತ್ತಾರೆ. ಒಟ್ಟು 210 ಮಕ್ಕಳು. ಇಷ್ಟರಿಂದಲೇ ಒಂದು ಜಿಲ್ಲೆಯ ಸ್ಥಿತಿಯನ್ನು ಸುಮಾರಾಗಿ ಹೇಳಬಹುದು. ಆದರೆ ರಸ್ತೆಯ ಬದಿಯ ಊರುಗಳನ್ನು ಮಾತ್ರ ಆರಿಸಿ ತಾಂಡಾಗಳನ್ನು ಬಿಟ್ಟರೆ, ಅದು ತಿರುವದೆ ಹಿಚುಕಿದ ಅಗುಳಾಗುತ್ತದೆ.

ಜನನ ಮರಣಗಳ ಲೆಕ್ಕಕ್ಕೂ ಇಂಥದೊಂದು ಜಾಣತನದ ಕ್ರಮವಿದೆ. ಅದು 1964-65ರಲ್ಲಿ ಪ್ರಯೋಗವಾಗಿ ಆರಂಭವಾಗಿ 1969-70ರ ವೇಳೆಗೆ ದೇಶದಲ್ಲೆಲ್ಲ ಹರಡಿದ ಮಾದರಿ ನೋಂದಣಿ ಪದ್ಧತಿ. ಆರಿಸಿದ ಊರಿನಲ್ಲಿ ಒಬ್ಬರು ವರ್ಷವಿಡೀ ಹುಟ್ಟು ಸಾವುಗಳನ್ನು ಬರೆದಿಡುತ್ತಾರೆ. ಈ ಕೆಲಸ ಮಾಡಿದವರಲ್ಲಿ ಶಾಲಾ ಉಪಾಧ್ಯಾಯರು ಬಹಳ ಮಂದಿ ಎಂಬುದನ್ನು ನಾವು ನೆನೆಯಬೇಕು. ಆರು ತಿಂಗಳಿಗೊಮ್ಮೆ ಇನ್ನೊಬ್ಬರು ಬಂದು, ಮೊದಲಿನವರ ಪುಸ್ತಕವನ್ನು ನೋಡದೆಯೇ ಮನೆಮನೆಗೆ ಹೋಗಿ ಬರೆಯುತ್ತಾರೆ. ಬಳಿಕ ಎರಡು ಪುಸ್ತಕಗಳನ್ನು ಹೋಲಿಸಿ, ಹೊಂದದೆ ಇದ್ದುದನ್ನು ಮತ್ತೆ ವಿಚಾರಿಸುತ್ತಾರೆ. ಒಬ್ಬರು ಬಿಟ್ಟದ್ದು ಇನ್ನೊಬ್ಬರಿಗೆ ಸಿಗುತ್ತದೆ. ನಮ್ಮ ದೇಶದಲ್ಲಿ ಹುಟ್ಟಿದ 1,000 ಶಿಶುಗಳಲ್ಲಿ ವರ್ಷ ತುಂಬುವುದರೊಳಗೆ ತೀರಿಹೋಗುತ್ತಿದ್ದವರು 1971ರಲ್ಲಿ 129, 2020ರಲ್ಲಿ 28 ಎಂದು ನಾವು ಧೈರ್ಯವಾಗಿ ಹೇಳಲು ಈ ಎರಡು ಪುಸ್ತಕಗಳೇ ಆಧಾರ.

ಇನ್ನು ನಮ್ಮ ನೆಲದ ಮಾತಿಗೆ ಬರೋಣ. ನಾವು ಗಡಿನಾಡಿನವರು. 1956ರ ನವೆಂಬರ್ 1ರವರೆಗೆ ತಾಂಡೂರು ತಾಲ್ಲೂಕು ಕಲಬುರಗಿ ಜಿಲ್ಲೆಗೆ ಸೇರಿತ್ತು. ಜಹೀರಾಬಾದ್, ನಾರಾಯಣಖೇಡ ಪ್ರದೇಶಗಳು ಬೀದರ ಜಿಲ್ಲೆಗೆ ಸೇರಿದ್ದವು. ಅಂದು ಆಂಧ್ರಪ್ರದೇಶಕ್ಕೆ ಸೇರಿದೆವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ವಿಕಾರಾಬಾದ್ ಜಿಲ್ಲೆಯಾಯಿತು. ನಕ್ಷೆ ಬದಲಾದರೂ ಕೊಳುಕೊಡುಗೆ ಬದಲಾಗಲಿಲ್ಲ. ಚಿಂಚೋಳಿ, ಸೇಡಂ ಕಡೆಯ ಹೆಣ್ಣು ಇಲ್ಲಿಗೆ ಸೊಸೆಯಾಗಿ ಬರುತ್ತಾಳೆ, ಇಲ್ಲಿಯ ಹೆಣ್ಣು ಅಲ್ಲಿಗೆ ಹೋಗುತ್ತಾಳೆ. ಚೊಚ್ಚಲ ಹೆರಿಗೆ ತವರುಮನೆಯಲ್ಲಿಯೇ ಆಗಬೇಕೆಂಬುದು ನಮ್ಮ ಸಂಪ್ರದಾಯ.

ಈ ಸಂಪ್ರದಾಯವು ಆರೋಗ್ಯದ ಪುಸ್ತಕದಲ್ಲಿ ಹೇಗೆ ಕಾಣುತ್ತದೆ ನೋಡಿ. ಸೊಸೆಯ ಹೆಸರನ್ನು ಗರ್ಭಿಣಿಯೆಂದು ಇಲ್ಲಿ ಬರೆದಿರುತ್ತಾರೆ. ಏಳನೆಯ ತಿಂಗಳಲ್ಲಿ ಅವಳು ಗಡಿ ದಾಟಿ ತವರಿಗೆ ಹೋಗುತ್ತಾಳೆ. ಮಗು ಅಲ್ಲಿ ಹುಟ್ಟುತ್ತದೆ. ಹುಟ್ಟಿದ ಸ್ಥಳದಲ್ಲಿಯೇ ಜನನ ನೋಂದಣಿಯಾಗಬೇಕೆಂಬುದು 1969ರ ಕಾಯಿದೆ. ಆದ್ದರಿಂದ ಅದು ಕರ್ನಾಟಕದ ಪುಸ್ತಕಕ್ಕೆ ಸೇರುತ್ತದೆ. ಹುಟ್ಟಿದಾಗಿನ ಸೂಜಿ, ಆರು, ಹತ್ತು, ಹದಿನಾಲ್ಕನೆಯ ವಾರದ ಸೂಜಿಗಳು ಅಲ್ಲಿಯೇ ಆಗುತ್ತವೆ. ಐದನೆಯ ತಿಂಗಳಲ್ಲಿ ಬಾಣಂತಿ ಮಗುವನ್ನು ಎತ್ತಿಕೊಂಡು ಗಂಡನ ಮನೆಗೆ ಬರುತ್ತಾಳೆ. ಅವಸರದಲ್ಲಿ ಕಾರ್ಡು ತವರುಮನೆಯ ಟ್ರಂಕಿನಲ್ಲಿಯೇ ಉಳಿಯುತ್ತದೆ. ಆಗ ಇಲ್ಲಿಯ ಪುಸ್ತಕದ ಪ್ರಕಾರ ಆ ಮಗುವಿಗೆ ಒಂದೂ ಸೂಜಿಯಾಗಿಲ್ಲ. ಅಲ್ಲಿಯ ಪುಸ್ತಕದ ಪ್ರಕಾರ ಒಂಬತ್ತನೆಯ ತಿಂಗಳ ದಡಾರದ ಸೂಜಿಗೆ ಬಾರದೆ ತಪ್ಪಿಸಿಕೊಂಡ ಮಗು ಅದೇ. ಒಂದೇ ಮಗು ಎರಡು ರಾಜ್ಯಗಳ ಪುಸ್ತಕಗಳಲ್ಲಿ ಅರ್ಧರ್ಧ ಬದುಕುತ್ತದೆ! ಎರಡೂ ಕಡೆಯ ಕೆಲಸಗಾರರು ಪ್ರಾಮಾಣಿಕವಾಗಿ ಬರೆದಿದ್ದರೂ ಎರಡೂ ಲೆಕ್ಕಗಳು ತಪ್ಪುತ್ತವೆ. ನಿಜವಾಗಿಯೇ ಸೂಜಿ ತಪ್ಪಿಸಿಕೊಂಡ ಮಗು ಈ ಗೊಂದಲದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಇದಕ್ಕಿಂತ ದೊಡ್ಡ ಅಪಾಯ.

ಎರಡನೆಯದು ಭಾಷೆ. ಇಲ್ಲಿ ಪ್ರಶ್ನೆಗಳು ತೆಲುಗಿನಲ್ಲಿ ಬರುತ್ತವೆ. ನಮ್ಮವರಲ್ಲಿ ಬಹುಮಂದಿಗೆ ತೆಲುಗು ಬರುತ್ತದೆ, ಅದನ್ನು ಕಲಿಯುವುದು ಒಳ್ಳೆಯದೂ ಹೌದು. ಆದರೆ ಸಂತೆಯ ತೆಲುಗು ಬೇರೆ, ಬೇನೆಯ ಮಾತು ಬೇರೆ. ಮಗುವಿಗೆ "ವಿರೇಚನಾಲು" ಆಗಿದೆಯೇ ಎಂದರೆ ಮುದುಕಿ ಸುಮ್ಮನೆ ತಲೆಯಾಡಿಸಬಹುದು. ಜುಲಾಬು ಆಗಿತ್ತೇ ಎಂದರೆ ಎಂದು, ಎಷ್ಟು ಸಲ ಎಂಬುದನ್ನೂ ಹೇಳುತ್ತಾಳೆ. ತಾಂಡಾದ ಲಂಬಾಣಿ ತಾಯಿಗೆ ಎರಡೂ ಪರಭಾಷೆಯೇ. ಅರ್ಥವಾಗದ ಪ್ರಶ್ನೆಗೆ ಬಂದ ಉತ್ತರವೂ ಕಾಗದದ ಮೇಲೆ ಸರಿಯಾದ ಉತ್ತರದಂತೆಯೇ ಕಾಣುತ್ತದೆ.

ಮೂರನೆಯದು ವಯಸ್ಸು. ನಮ್ಮ ಹಿರಿಯರು ತಮ್ಮ ವಯಸ್ಸನ್ನು ಇಸವಿಯಿಂದ ಎಣಿಸುವುದಿಲ್ಲ. ರಜಾಕಾರರ ಗಲಾಟೆಯ ಕಾಲದಲ್ಲಿ ಹುಟ್ಟಿದವನು, ಎಪ್ಪತ್ತೆರಡರ ಬರಗಾಲದಲ್ಲಿ ಮದುವೆಯಾದವಳು ಎನ್ನುತ್ತಾರೆ. ಜಾಣ ಸಮೀಕ್ಷಕರು ಇಂಥ ನೆನಪುಗಳಿಂದಲೇ ಇಸವಿಯನ್ನು ತೆಗೆಯುತ್ತಾರೆ, ಅವಸರದವರು ಐವತ್ತು, ಅರವತ್ತು ಎಂದು ಬರೆದುಕೊಂಡು ಹೋಗುತ್ತಾರೆ. ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹದಿನೆಂಟು ತಿಂಗಳ ಮಗುವನ್ನು ಎರಡು ವರ್ಷದ್ದೆಂದು ಬರೆದರೆ, ತೂಕ ಸರಿಯಾಗಿದ್ದರೂ ಅದು ಅಪೌಷ್ಟಿಕ ಮಗುವೆಂದು ಕಾಣಬಹುದು. ತೂಕದ ಯಂತ್ರ ಸುಳ್ಳು ಹೇಳಲಿಲ್ಲ, ವಯಸ್ಸು ಹೇಳಿತು.

ನಾಲ್ಕನೆಯದು ಸಮಯ. ಹಗಲು ಹನ್ನೆರಡು ಗಂಟೆಗೆ ಸಮೀಕ್ಷಕರು ಬಂದರೆ ಮನೆಯಲ್ಲಿ ಯಾರಿರುತ್ತಾರೆ? ಗಂಡಸರು ಕಲ್ಲಿನ ಗಣಿಯಲ್ಲಿ, ಹೆಂಗಸರು ತೊಗರಿಯ ಹೊಲದಲ್ಲಿ. ಬೀಗ ಹಾಕಿದ ಮನೆಯನ್ನು ಬಿಟ್ಟು ಮುಂದಿನ ಮನೆಗೆ ಹೋಗುತ್ತಾರೆ. ಹೀಗೆ ಕಲ್ಲಿನ ಧೂಳನ್ನು ಕುಡಿಯುವವನ ಕೆಮ್ಮೇ ಲೆಕ್ಕದಿಂದ ಹೊರಗುಳಿಯುತ್ತದೆ. ಯಾರಿಗೆ ಹೆಚ್ಚು ಬೇನೆಯೋ ಅವರೇ ಹೆಚ್ಚಾಗಿ ಲೆಕ್ಕಕ್ಕೆ ಸಿಗುವುದಿಲ್ಲ.

"ಮನೆಮನೆಗೆ ಬಂದು ಬರೆದುಕೊಂಡು ಹೋಗುತ್ತಾರೆ, ಆಮೇಲೆ ಏನಾಯಿತೆಂದು ಯಾರೂ ಹೇಳುವುದಿಲ್ಲ" ಎಂಬುದು ನಮ್ಮ ಊರುಗಳಲ್ಲಿ ಕೇಳಿಬರುವ ದೂರು. ಈ ದೂರಿನಲ್ಲಿ ನ್ಯಾಯವಿದೆ. ರೈತನು ಬಿತ್ತಿದರೆ ಫಸಲು ನೋಡುತ್ತಾನೆ, ಉತ್ತರ ಕೊಟ್ಟವನಿಗೆ ಏನೂ ಕಾಣುವುದಿಲ್ಲ. ಇನ್ನೊಂದು ಕಡೆ ಆಶಾ ಅಕ್ಕನವರ ಕಷ್ಟವನ್ನೂ ನೋಡಬೇಕು. ಬಾಣಂತಿಯ ಆರೈಕೆಗೆ ಕೊಡುವ ವೇಳೆಯನ್ನು ಬರವಣಿಗೆಯೇ ತಿನ್ನುತ್ತದೆ. ಪುಸ್ತಕದ ಜಾಗಕ್ಕೆ ಮೊಬೈಲು, ಟ್ಯಾಬು ಬಂದರೂ ಯಂತ್ರವು ಬೇಗ ಕೂಡಿಸಬಲ್ಲದೇ ಹೊರತು ಸುಳ್ಳನ್ನು ನಿಜ ಮಾಡಲಾರದು. ಇದಕ್ಕಿಂತ ಕೆಟ್ಟದ್ದೆಂದರೆ ಭಯ. ಹತ್ತು ಮಕ್ಕಳಿಗೆ ಸೂಜಿ ತಪ್ಪಿದೆಯೆಂದು ನಿಜ ಬರೆದವಳಿಗೆ ಬೈಗುಳ, ಎಲ್ಲವೂ ಆಗಿದೆಯೆಂದು ಬರೆದವಳಿಗೆ ಶಹಬಾಸ್ ಎಂದಾದರೆ ಯಾರು ತಾನೇ ನಿಜ ಬರೆದಾರು? ಕೊರತೆಯನ್ನು ಕಂಡುಹಿಡಿದವರನ್ನು ಮೆಚ್ಚುವ ಪದ್ಧತಿ ಬಂದಾಗಲೇ ಅಂಕಿಗಳಿಗೆ ಮರ್ಯಾದೆ ಬರುತ್ತದೆ. ಕೆಲಸ ಮಾಡಿದವರೇ ತಮ್ಮ ಕೆಲಸಕ್ಕೆ ಅಂಕ ಕೊಟ್ಟುಕೊಳ್ಳಬಾರದು. ನಾವು ಬರೆದ ಪರೀಕ್ಷೆಯ ಉತ್ತರ ಪತ್ರಿಕೆಯನ್ನು ನಾವೇ ತಿದ್ದಿಕೊಳ್ಳುವುದುಂಟೇ?

ಆದ್ದರಿಂದ ನಮ್ಮ ಅಭಿಪ್ರಾಯ ಹೀಗಿದೆ. ಗಡಿಯ ಎರಡೂ ಕಡೆಯ ಆರೋಗ್ಯ ಕೇಂದ್ರಗಳು ತಿಂಗಳಿಗೊಮ್ಮೆಯಾದರೂ ಬಾಣಂತಿಯರ ಮತ್ತು ಶಿಶುಗಳ ಪುಸ್ತಕಗಳನ್ನು ಹೊಂದಿಸಿ ನೋಡಬೇಕು. ಪ್ರಶ್ನೆಗಳನ್ನು ಆ ಮನೆಯ ಮಾತಿನಲ್ಲಿ ಕೇಳಬೇಕು. ದುಡಿಯುವವರು ಮನೆಯಲ್ಲಿರುವ ಸಂಜೆಯ ವೇಳೆಗೆ ಬರಬೇಕು. ಉಪಯೋಗಕ್ಕೆ ಬಾರದ ಪ್ರಶ್ನೆಗಳನ್ನು ಕಡಿಮೆ ಮಾಡಿ, ಉಳಿದವನ್ನು ಸರಿಯಾಗಿ ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಊರಿನಿಂದ ಒಯ್ದ ಲೆಕ್ಕ ಊರಿಗೆ ಮರಳಿ ಬರಬೇಕು. ಯಾರ ಹೆಸರನ್ನೂ ಹೇಳದೆ, "ನಿಮ್ಮ ಊರಿನಲ್ಲಿ ಇಷ್ಟು ಮಕ್ಕಳಿಗೆ ಸೂಜಿ ಉಳಿದಿದೆ, ಇಷ್ಟು ತಾಯಂದಿರಿಗೆ ರಕ್ತ ಕಡಿಮೆಯಿದೆ" ಎಂದು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಆಗ ಜನರು ಲೆಕ್ಕವನ್ನು ತಮ್ಮದೆಂದು ತಿಳಿಯುತ್ತಾರೆ, ಮುಂದಿನ ಸಲ ನಿಜವನ್ನೇ ಹೇಳುತ್ತಾರೆ.

ಸರ್ಕಾರಕ್ಕೆ ಹೇಳಿ ನಾವು ಸುಮ್ಮನೆ ಕೂಡುವುದು ಸರಿಯಲ್ಲ. ವಿದ್ಯಾರ್ಥಿ ಮಿತ್ರರೇ, ನಮ್ಮ ಕೈಯಲ್ಲಿಯೂ ಕೆಲಸವಿದೆ. ಮನೆಯ ತಮ್ಮ ತಂಗಿಯರ ಹುಟ್ಟಿದ ತಾರೀಖನ್ನು ಬರೆದಿಡೋಣ. ಅತ್ತಿಗೆ ತವರಿನಿಂದ ಬರುವಾಗ ಮಗುವಿನ ಜೊತೆಗೆ ಕಾರ್ಡನ್ನೂ ತರುವಂತೆ ಮೊದಲೇ ಹೇಳೋಣ. ಅದರಲ್ಲಿ ಬರೆದುದನ್ನು ಓದಲು ಬಾರದ ಅಜ್ಜಿಗೆ ಓದಿ ಹೇಳೋಣ. ಸಮೀಕ್ಷೆಯವರು ಬಂದಾಗ ಅರ್ಥವಾಗದ ಪ್ರಶ್ನೆಯನ್ನು ನಮ್ಮ ಮಾತಿಗೆ ತಿರುಗಿಸಿ ಹೇಳೋಣ. ಆದರೆ ಉತ್ತರವನ್ನು ಅಜ್ಜಿಯೇ ಹೇಳಲಿ, ನಮಗೆ ತೋಚಿದ್ದನ್ನು ನಾವು ಸೇರಿಸುವುದು ಬೇಡ. ಹಾಗೆ ಕೇಳಿದ ಯಾರ ಬೇನೆಯನ್ನೂ ಓಣಿಯಲ್ಲಿ ಹೇಳಿಕೊಂಡು ತಿರುಗದಿರೋಣ. ಗುಟ್ಟು ಉಳಿಯದ ಊರಿನಲ್ಲಿ ಕ್ಷಯರೋಗಿ ಬಾಯಿ ಬಿಡುವುದಿಲ್ಲ.

"ಎಷ್ಟು ಮಂದಿ ಮಕ್ಕಳು, ಅಮ್ಮಾ?" ಎಂದು ಕೇಳಿದರೆ ತಾಯಿ ಬದುಕಿರುವವರನ್ನು ಮಾತ್ರ ಹೇಳುತ್ತಾಳೆ. ತೀರಿಹೋದ ಕೂಸಿನ ಹೆಸರೆತ್ತಲು ಅವಳಿಗೆ ಬಾಯಿ ಬಾರದು. ಅದಕ್ಕಾಗಿಯೇ ತೀರಿಹೋದವರನ್ನು ಕುರಿತು ಬೇರೆಯಾಗಿ, ಮೆಲ್ಲಗೆ ಕೇಳಬೇಕೆಂದು ಸಮೀಕ್ಷಕರಿಗೆ ಕಲಿಸುತ್ತಾರೆ. ಆ ಪ್ರಶ್ನೆ ಕೇಳುವುದು ಕಷ್ಟ, ಹೇಳುವುದು ಇನ್ನೂ ಕಷ್ಟ. ಆದರೂ ಕೇಳದಿದ್ದರೆ ಆ ಕೂಸು ಹುಟ್ಟಲೇ ಇಲ್ಲವೆಂದಾಗುತ್ತದೆ, ಅದು ಯಾವುದರಿಂದ ಸತ್ತಿತೋ ಅದರಿಂದಲೇ ಇನ್ನೊಂದು ಸಾಯುತ್ತದೆ. ಅಂಕಿಯ ಹಿಂದೆ ಒಂದು ಮನೆಯಿದೆ, ಒಂದು ತೊಟ್ಟಿಲಿದೆ ಎಂದು ಕೇಳುವವರೂ ಹೇಳುವವರೂ ಬರೆಯುವವರೂ ನೆನಪಿನಲ್ಲಿಡಬೇಕು. ಸುಳ್ಳು ಲೆಕ್ಕದಿಂದ ವರದಿ ಚೆನ್ನಾಗಿ ಕಾಣಬಹುದು, ಆದರೆ ಊರು ಚೆನ್ನಾಗಿರಲು ನಿಜವಾದ ಲೆಕ್ಕವೇ ಬೇಕು. ಅದನ್ನು ಕೊಡುವುದು ನಮ್ಮ ಕರ್ತವ್ಯ, ಅದರ ಫಲವನ್ನು ಕೇಳುವುದು ನಮ್ಮ ಹಕ್ಕು.